ಹಲ್ಲಿಗೆ ಹಲ್ಲು ತಾಗಿಸ್ಬೇಡಿ

(1/5)

ಒಂದ್ನಿಮಿಷ. ಇದನ್ನ ಓದ್ತಾ ಇರೋ ಈ ಹೊತ್ತಲ್ಲಿ ನಿಮ್ಮ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿಕೊಂಡಿದ್ಯಾ? ತಾಗಿದ್ರೆ ಬಿಡಿ. ತುಟಿ ಮುಚ್ಚಿರ್ಲಿ, ಹಲ್ಲಿನ ಮಧ್ಯೆ ಸಣ್ಣ ಸಂದಿ ಇರ್ಲಿ, ನಾಲಿಗೆ ತುದಿ ಮೇಲಿನ ಮುಂದಿನ ಹಲ್ಲಿನ ಹಿಂದೆ ಅಂಗುಳಿಗೆ ತಾಗಿರ್ಲಿ. ದವಡೆ ಆರಾಮಾಗಿರೋದು ಹೀಗೆ. ಅಗಿಯುವಾಗ, ಎಂಜಲು ನುಂಗುವಾಗ ಬಿಟ್ರೆ ಹಲ್ಲಿಗೆ ಹಲ್ಲು ತಾಗೋ ಕೆಲಸವೇ ಇಲ್ಲ.

ನಂಗಿದು ಗೊತ್ತಾಗಿದ್ದು ಕಳೆದ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ. ಬೆಳಿಗ್ಗೆ ಏಳೋವಾಗ ಕಿವಿ ಮುಂದೆ ನೋವು, ಕಪಾಳದಲ್ಲಿ ಬಿಗಿತ, ಆಕಳಿಸಿದ್ರೆ ಕಟ್ ಅಂತ ಶಬ್ದ. ಕಿವಿದೇ ಇರ್ಬೇಕು ಅಂತ ಡ್ರಾಪ್ಸೂ ಬಿಟ್ಟಾಯ್ತು. ಆಮೇಲೆ ಸಾಗರದ ಪಿಜಿಲಿ ನನ್ನ ರೂಮ್‌ಮೇಟ್ ಒಂದಿನ ಹೇಳಿದ್ಲು: "ರಾತ್ರಿ ಇಲಿ ಎಂತದೋ ಕಡಿತಾ ಇದೆ ಅಂತ ಲೈಟ್ ಹಾಕ್ದೆ. ನೋಡಿದ್ರೆ ನೀನು ಮಾರಾಯ್ತಿ."

ಮನೆಗೆ ಫೋನ್ ಮಾಡಿದ್ರೆ ಅಮ್ಮ ಒಂದೇ ಮಾತಲ್ಲಿ ಮುಗಿಸಿದ್ರು. "ಹೊಟ್ಟೇಲಿ ಹುಳ ಇರ್ತದೆ, ಮಾತ್ರೆ ತಗೋ." ತೀರ್ಥಹಳ್ಳಿಲಿರೋ ಅಮ್ಮಮ್ಮಂದೂ ಅದೇ ತೀರ್ಪು. ನಿಮ್ಮನೇಲೂ ಇದೇ ಹೇಳಿರ್ತಾರೆ, ಬರೆದು ಕೊಡ್ತೀನಿ.

(2/5)

ಕಿವಿ ಮುಂದೆ ಬೆರಳಿಟ್ಟು ಬಾಯಿ ತೆಗೆದು ಮುಚ್ಚಿ. ಕೈಗೆ ಏನೋ ಅಲ್ಲಾಡಿದ ಹಾಗೆ ಸಿಗತ್ತಲ್ಲ, ಅದೇ ದವಡೆ ಕೀಲು. ಮೊಣಕಾಲಿನ ಹಾಗೆ ಬರೀ ಮಡಚಿ ಬಿಚ್ಚೋ ಕೀಲಲ್ಲ ಇದು. ಬಾಯಿ ತೆಗೆಯೋವಾಗ ಮೊದಲು ತಿರುಗತ್ತೆ, ಆಮೇಲೆ ಮುಂದಕ್ಕೆ ಜಾರತ್ತೆ. ಎರಡು ಮೂಳೆ ಮಧ್ಯೆ ಒಂದು ಮೆತ್ತನೆ ಬಿಲ್ಲೆ ಇದೆ. ಅದು ತನ್ನ ಜಾಗದಿಂದ ಸ್ವಲ್ಪ ಮುಂದೆ ಸರಿದು, ಬಾಯಿ ತೆಗೆದಾಗ ವಾಪಸ್ ಕೂತ್ರೆ ಕಟ್ ಅನ್ನತ್ತೆ. ನೋವಿಲ್ಲದೆ ಬರೀ ಶಬ್ದ ಬರ್ತಿದ್ರೆ ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಎಷ್ಟೋ ಜನಕ್ಕೆ ಹಾಗೆ ಶಬ್ದ ಬರತ್ತೆ, ಏನೂ ಆಗದೆ ಇದ್ದುಬಿಡ್ತಾರೆ.

ನೋವಿರೋರಲ್ಲಿ ಜಾಸ್ತಿ ಜನಕ್ಕೆ ನೋಯೋದು ಕೀಲಿಗಿಂತ ಅದನ್ನ ಎಳೆಯೋ ಸ್ನಾಯು. ನಂದೂ ಅದೇ. ಕೆನ್ನೆ ಹಿಂಭಾಗದಲ್ಲಿ, ಹಲ್ಲು ಕಚ್ಚಿದಾಗ ಉಬ್ಬತ್ತಲ್ಲ, ಆ ಸ್ನಾಯು.

ರಾತ್ರಿ ಹಲ್ಲು ಮಸೆಯೋದಕ್ಕೆ ಒಂದೇ ಕಾರಣ ಅಂತ ಇಲ್ಲ. ನಿದ್ದೆ ಮಧ್ಯೆ ಮಿದುಳು ಅರೆ ಎಚ್ಚರ ಆಗೋ ಕ್ಷಣಗಳಲ್ಲಿ ಇದು ನಡೆಯತ್ತೆ. ಟೆನ್ಷನ್, ಕಾಫಿ, ಸಿಗರೇಟು, ಕುಡಿತ ಇದನ್ನ ಜಾಸ್ತಿ ಮಾಡ್ಬಹುದು. ಖಿನ್ನತೆಗೆ ಕೊಡೋ ಕೆಲವು ಮಾತ್ರೆಗಳಿಂದಲೂ ಆಗ್ಬಹುದು (ಹಾಗಂತ ನೀವೇ ಮಾತ್ರೆ ನಿಲ್ಲಿಸ್ಬೇಡಿ, ಬರೆದುಕೊಟ್ಟ ಡಾಕ್ಟರ್ ಹತ್ರ ಹೇಳಿ). ಗೊರಕೆ ಹೊಡೆದು ಉಸಿರು ನಿಂತು ನಿಂತು ಬರೋರಲ್ಲೂ ಕಾಣತ್ತೆ. ಹುಳಕ್ಕೂ ಇದಕ್ಕೂ ಗಟ್ಟಿ ಸಂಬಂಧ ಸಾಬೀತಾಗಿಲ್ಲ. ಸಾರಿ ಅಮ್ಮ.

ಹಗಲಲ್ಲಿ ಕಚ್ಚಿ ಹಿಡಿಯೋದು ಬೇರೆ ಕಥೆ. ಗಮನ ಒಂದೇ ಕಡೆ ನೆಟ್ಟಾಗ ನಮಗೆ ಗೊತ್ತಿಲ್ಲದೆ ಹಲ್ಲು ಬಿಗಿ ಹಿಡಿತೀವಿ. ಕಾಸ್ಟ್ ಅಕೌಂಟಿಂಗ್ ಲೆಕ್ಕ ಟ್ಯಾಲಿ ಆಗದಿದ್ದಾಗ ನನ್ನ ಮುಖ ನೋಡ್ಬೇಕು ನೀವು. ಕೊಯ್ಲಿನ ಟೈಮಲ್ಲಿ ಹೊಸನಗರದ ಮನೇಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿತಾರಲ್ಲ, ಈ ಸಲ ಸುಮ್ನೆ ಕೂತು ಅವರ ಮುಖ ನೋಡ್ದೆ. ಕುತ್ತಿಗೆ ಬಗ್ಗಿದೆ, ಭುಜ ಮೇಲೆ ಹೋಗಿದೆ, ಹರಟೆ ನಿಂತ ಕೂಡ್ಲೆ ಎಲ್ಲರ ಕೆನ್ನೆಲೂ ಆ ಸ್ನಾಯು ಉಬ್ಬಿ ನಿಂತಿದೆ. ದೊಡ್ಡಮ್ಮಂಗೆ ವರ್ಷಾ ವರ್ಷ ಸುಗ್ಗಿಲಿ ತಲೆನೋವು ಬರತ್ತೆ. ಚೊಗರಿನ ಹೊಗೆಗೆ ಅಂತ ಅಂದ್ಕೊಂಡಿದ್ದಾರೆ. ಹೊಗೆಯೂ ಇರ್ಬಹುದು. ಹಲ್ಲು ಬಿಡಿಸಿ ಕೂರಿ ದೊಡ್ಡಮ್ಮ ಅಂದೆ, ಎಲ್ಲರೂ ಸೇರ್ಕೊಂಡು ನಕ್ಕರು.

(3/5)

ಈ ಭಾಗ ಸೇವ್ ಮಾಡ್ಕೊಳಿ, ದುಡ್ಡಿನ ವಿಷಯ.

ನಾನು ಮೊದಲು ತೋರಿಸಿದ ಕ್ಲಿನಿಕ್‌ನಲ್ಲಿ (ಹೆಸರು, ಊರು ಬೇಡ) ಐದೇ ನಿಮಿಷದಲ್ಲಿ ಹೇಳಿದ್ದು: "ನಿಮ್ಮ ಹಲ್ಲು ಸರಿಯಾಗಿ ಕೂರ್ತಾ ಇಲ್ಲ, ಅದಕ್ಕೇ ಕೀಲು ಹಾಳಾಗಿದೆ. ನಾಲ್ಕು ಹಲ್ಲು ಉಜ್ಜಿ ಮಟ್ಟ ಮಾಡಿ ಕ್ಯಾಪ್ ಹಾಕ್ಬೇಕು." ಹೇಳಿದ ರೇಟು ಕೇಳಿ ಅಪ್ಪಯ್ಯ ಸುಮ್ಮನಾದ್ರು. ಅಪ್ಪಯ್ಯ ಸುಮ್ಮನಾದ್ರು ಅಂದ್ರೆ ಮನಸ್ಸಲ್ಲೇ ಎಷ್ಟು ಕ್ವಿಂಟಾಲ್ ಅಂತ ಲೆಕ್ಕ ಹಾಕ್ತಿದ್ದಾರೆ ಅಂತ ಅರ್ಥ. ನಾನು ಯೋಚ್ನೆ ಮಾಡಿ ಹೇಳ್ತೀವಿ ಅಂತ ಅವರನ್ನ ಎಬ್ಬಿಸಿಕೊಂಡು ಬಂದೆ.

ಹಲ್ಲು ಸರಿ ಕೂರದಿದ್ರೆ ದವಡೆ ಕೀಲು ಕೆಡತ್ತೆ ಅನ್ನೋದು ಹಳೇ ನಂಬಿಕೆ. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಜೇಮ್ಸ್ ಕಾಸ್ಟೆನ್ ಅನ್ನೋ ಕಿವಿ-ಮೂಗು-ಗಂಟಲು ಡಾಕ್ಟರ್ ಹೀಗೆ ಬರೆದ್ರು: ಹಿಂದಿನ ಹಲ್ಲು ಹೋದ್ರೆ ದವಡೆ ಹಿಂದಕ್ಕೆ ಸರಿದು ಕಿವಿ ನೋವು, ತಲೆನೋವು ಬರತ್ತೆ ಅಂತ. ಅದಕ್ಕೆ ಬಹಳ ವರ್ಷ ಅವರದ್ದೇ ಹೆಸರಿತ್ತು. ಆ ವಿವರಣೆ ಆಮೇಲೆ ನಿಲ್ಲಲಿಲ್ಲ. ಹಲ್ಲು ಸೊಟ್ಟಗಿರೋ ಎಷ್ಟೋ ಜನಕ್ಕೆ ದವಡೆ ನೋವಿಲ್ಲ, ಸಾಲಾಗಿ ಚಂದ ಇರೋರಿಗೂ ನೋವು ಬರತ್ತೆ. 2023ರ ಕೊನೆಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ದೀರ್ಘಕಾಲದ ದವಡೆ ನೋವಿಗೆ ಒಂದು ಮಾರ್ಗಸೂಚಿ ಬಂತು. ಅದು ಮುಂದಿಟ್ಟಿದ್ದು ದವಡೆ ವ್ಯಾಯಾಮ, ಫಿಸಿಯೋಥೆರಪಿಯವರು ಕೈಯಲ್ಲಿ ಮಾಡೋ ಚಿಕಿತ್ಸೆ, ನೋವಿನ ಜೊತೆ ಬದುಕೋ ರೀತಿ ಬದಲಿಸೋ ಸಮಾಲೋಚನೆ. ವಾಪಸ್ ಸರಿ ಮಾಡೋಕಾಗದ ಹಾಗೆ ಕಚ್ಚುವಿಕೆ ಬದಲಿಸೋ ಸ್ಪ್ಲಿಂಟ್ ಬೇಡ ಅಂತ ಗಟ್ಟಿಯಾಗೇ ಹೇಳಿದೆ.

ಉಜ್ಜಿದ ಹಲ್ಲು ಮತ್ತೆ ಬೆಳೆಯಲ್ಲ. ಹಾಗಾಗಿ ದವಡೆ ನೋವಿಗೆ ಹಲ್ಲು ಉಜ್ಜಿ ಅಂತ ಯಾರಾದ್ರೂ ಹೇಳಿದ್ರೆ ಎದ್ದು ಬನ್ನಿ, ಇನ್ನೊಬ್ಬರ ಹತ್ರ ತೋರಿಸಿ. ಹತ್ತಿರದಲ್ಲಿ ಯಾರಿಲ್ಲ ಅನ್ನೋರಿಗೆ, ಶಿವಮೊಗ್ಗದಲ್ಲಿ ಡೆಂಟಲ್ ಕಾಲೇಜಿದೆ.

(4/5)

ಇದನ್ನ ಬರಿಯೋದಾ ಬೇಡ್ವಾ ಅಂತ ಒಂದು ವಾರ ಯೋಚನೆ ಮಾಡ್ದೆ. ಚಿಕ್ಕಪ್ಪನ್ನ ಕೇಳ್ದೆ. "ಹೆಸರು ಹಾಕ್ಬೇಡ, ಬೇಕಾದ್ರೆ ಬರಿ" ಅಂದ್ರು.

ನನ್ನ ದವಡೆ ಕಥೆ ಕೇಳಿ ಅವರು ಹೇಳಿದ್ದು, "ನಂದೂ ಅದೇ ಇರ್ಬೇಕು ಮಾರಾಯ್ತಿ, ಬಾಯಿ ಹಿಡ್ಕಂಡಿದೆ." ಆವಾಗ್ಲೇ ನಂಗೆ ಅವರ ಊಟ ನೆನಪಾಯ್ತು. ಕಳೆದ ಮದುವೇಲಿ ಹೋಳಿಗೆನ ಉಗುರಿನಷ್ಟು ಚೂರು ಮಾಡಿ ತಿಂತಿದ್ರು. ಅಪ್ಪೆಮಿಡಿ ಉಪ್ಪಿನಕಾಯಿ ಇಲ್ಲದೆ ಎಲೆ ಮುಂದೆ ಕೂರದ ಮನುಷ್ಯ, ಎರಡು ವರ್ಷದಿಂದ ಅದನ್ನ ಮುಟ್ಟಿಲ್ಲ. ಉರಿ ಅಂತೆ.

ಒಂದು ಪರೀಕ್ಷೆ ಮಾಡಿ. ನಿಮ್ಮದೇ ತೋರು, ಮಧ್ಯ, ಉಂಗುರ ಬೆರಳು ಮೂರನ್ನೂ ಒಂದರ ಕೆಳಗೊಂದು ಜೋಡಿಸಿ ಮೇಲಿನ ಕೆಳಗಿನ ಮುಂದಿನ ಹಲ್ಲಿನ ಮಧ್ಯೆ ಇಡಿ. ಹಿಡಿಸ್ಬೇಕು. ಅಂದಾಜು 40 ಮಿಲಿಮೀಟರ್ ಆಗತ್ತೆ. ನಂಗೆ ಅಷ್ಟು ನೋವಿದ್ದಾಗಲೂ ಮೂರು ಬೆರಳು ಹಿಡಿಸ್ತಿತ್ತು. ಚಿಕ್ಕಪ್ಪಂಗೆ ಒಂದೂವರೆ.

ಅದು ಕೀಲಿನ ಕಾಯಿಲೆ ಅಲ್ಲ. ಕೆನ್ನೆ ಒಳಗಿನ ಚರ್ಮ ನಾರಾಗ್ತಾ ಹೋಗೋದು. ಬಿಳಿಚಿಕೊಂಡು, ಗಟ್ಟಿ ಪಟ್ಟಿ ಕಟ್ಟಿ, ರಬ್ಬರಿನ ಗುಣ ಹೋಗಿ, ಬಾಯಿ ಸ್ವಲ್ಪ ಸ್ವಲ್ಪವೇ ಮುಚ್ಚಿಕೊಳ್ಳತ್ತೆ. ಡಾಕ್ಟರುಗಳು ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ. ಮುಖ್ಯ ಕಾರಣ ಅಡಿಕೆ. ತಂಬಾಕಿಲ್ಲದ ಬರೀ ಅಡಿಕೆಯೂ ಸಾಕು. ಅದರಲ್ಲಿರೋ ಅರೆಕೋಲಿನ್ ನಾರು ಹೆಚ್ಚಿಗೆ ಹುಟ್ಟಿಸತ್ತೆ, ಅದರ ಟ್ಯಾನಿನ್ ಆ ನಾರು ಕರಗದ ಹಾಗೆ ಗಟ್ಟಿ ಮಾಡತ್ತೆ. ನಮ್ಮ ಹಂಡೇಲಿ ಕೆಂಪಗೆ ಕುದಿಯೋ ಚೊಗರಲ್ಲಿರೋದು ಅದೇ ಟ್ಯಾನಿನ್. ಹಸಿ ಚರ್ಮ ಹದ ಮಾಡಿ ಚಪ್ಪಲಿ ಚರ್ಮ ಮಾಡೋದೂ ಟ್ಯಾನಿನ್ನೇ. ಇದು ಮುಂದೆ ಕ್ಯಾನ್ಸರ್ ಆಗೋ ಸಾಧ್ಯತೆ ಇರೋ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಅಂತ ಸೇರಿಸಿದೆ. ಬೆಳೆಗಾರರ ಸಂಘಗಳು ಇದನ್ನ ಒಪ್ಪಲ್ಲ, ಗೊತ್ತು. ನನ್ನ ಬಿಕಾಂ ಫೀಸು, ಇದನ್ನ ಟೈಪ್ ಮಾಡ್ತಿರೋ ಮೊಬೈಲು, ಎಲ್ಲ ರಾಶಿ ಅಡಿಕೆ ದುಡ್ಡು. ದಿನಾ ಬೆಳಿಗ್ಗೆ ನಾನೂ ರೇಟ್ ನೋಡ್ತೀನಿ. ಅದೂ ನಿಜ, ಇದೂ ನಿಜ.

ಚಿಕ್ಕಪ್ಪ ಬರೀ ಕವಳದೋರಾಗಿದ್ರು. ಆಮೇಲೆ ಟ್ರಿಪ್ ಹೊಡೆಯೋವಾಗ ನಿದ್ದೆ ಬರಬಾರ್ದು ಅಂತ ಪ್ಯಾಕೆಟ್ ಶುರುವಾಯ್ತು. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆದ್ಮೇಲೂ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಒಂದು ಪ್ಯಾಕೆಟ್, ಬೆರೆಸಿಕೊಳ್ಳೋದು ಅಂಗೈಯಲ್ಲಿ. ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ತೋರಿಸಿದ್ವಿ. ಕೆನ್ನೆಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ರು. ರಿಪೋರ್ಟ್ ಬರೋವರೆಗೂ ಚಿಕ್ಕಮ್ಮ ತೋಟದ ಕಡೆ ಹೋಗ್ಲಿಲ್ಲ. ಸದ್ಯಕ್ಕೆ ಕ್ಯಾನ್ಸರ್ ಇಲ್ಲ. ಇಂಜೆಕ್ಷನ್, ಬಾಯಿ ಹಿಗ್ಗಿಸೋ ವ್ಯಾಯಾಮ ನಡೀತಿದೆ, ಆಗಾಗ ಹೋಗಿ ತೋರಿಸ್ಬೇಕು. ಪೂರ್ತಿ ಮೊದಲಿನ ಹಾಗೆ ಆಗಲ್ಲ, ಅಡಿಕೆ ಬಿಡದಿದ್ರೆ ಇದೂ ಪ್ರಯೋಜನ ಇಲ್ಲ ಅಂತ ನೇರ ಹೇಳಿದ್ದಾರೆ. ಪ್ಯಾಕೆಟ್ ಬಿಟ್ಟಿದ್ದಾರೆ. ಊಟ ಆದ್ಮೇಲೆ ಕೈ ಇನ್ನೂ ಕವಳದ ತಟ್ಟೆ ಹುಡುಕತ್ತೆ. ಚಿಕ್ಕಮ್ಮ ತಟ್ಟೆ ಎತ್ತಿ ಅಟ್ಟದ ಮೇಲಿಟ್ಟಿದ್ದಾರೆ. ನೆಂಟರು ಬಂದಾಗ ಇಳಿಸ್ಲೇಬೇಕು, ಅದೇ ದೊಡ್ಡ ಪೇಚಾಟ.

(5/5)

ನನ್ನ ಚಿಕಿತ್ಸೆ ಬಹಳ ಜನ ಕೇಳಿದ್ರಿ. ಎರಡನೇ ಸಲ ತೋರಿಸಿದ ದಂತವೈದ್ಯೆ ದವಡೆ ಒತ್ತಿ, ಬಾಯಿ ತೆಗೆಸಿ ಅಳತೆ ತಗೊಂಡು ಅರ್ಧ ಗಂಟೆ ಮಾತಾಡಿದ್ರು. ಎರಡು ವಾರ ಮೆತ್ತನೆ ಊಟ: ಗಂಜಿ, ತಂಬುಳಿ ಅನ್ನ. ಚಕ್ಕುಲಿ, ಚೂಯಿಂಗ್ ಗಮ್, ಉಗುರು ಕಚ್ಚೋದು ಬಂದ್. ದಿನಕ್ಕೆ ಎರಡು ಸಲ ಬಿಸಿನೀರಲ್ಲಿ ಅದ್ದಿದ ಬಟ್ಟೆ ಕೆನ್ನೆಗೆ. ಆಕಳಿಕೆ ಬಂದ್ರೆ ಗಲ್ಲಕ್ಕೆ ಕೈ ಕೊಡೋದು. ಸಂಜೆ ಮೇಲೆ ಕಾಫಿ ಇಲ್ಲ (ಇದೇ ಕಷ್ಟ ಆಗಿದ್ದು). ನೋಟ್ಸ್ ಮೇಲೆ, ಮೊಬೈಲ್ ಹಿಂದೆ ಒಂದು ಚುಕ್ಕಿ ಸ್ಟಿಕ್ಕರ್. ಕಣ್ಣಿಗೆ ಬಿದ್ದಾಗೆಲ್ಲ ಹಲ್ಲು ಬಿಡಿಸೋದು. ಸುಮಾರು ಆರು ವಾರಕ್ಕೆ ನೋವು ಮುಕ್ಕಾಲು ಪಾಲು ಹೋಯ್ತು. ಕಟ್ ಶಬ್ದ ಇನ್ನೂ ಇದೆ, ಇರ್ಲಿ.

ನೈಟ್ ಗಾರ್ಡ್ ಬೇಕಾ? ಅದು ಮಸೆಯೋದನ್ನ ನಿಲ್ಲಿಸಲ್ಲ, ಹಲ್ಲು ಸವೆಯೋದನ್ನ ತಡೆಯತ್ತೆ. ಸವೆತ ಇದ್ರೆ ಅಚ್ಚು ತೆಗೆದು ನಿಮ್ಮ ಹಲ್ಲಿಗೇ ಮಾಡಿಸ್ಕೊಳಿ. ನಂಗೆ ಸವೆತ ಕಡಿಮೆ, ಹಾಗಾಗಿ ಸದ್ಯ ಬೇಡ ಅಂದ್ರು.

ದವಡೆ ತೆಗೆದಲ್ಲೇ ಅಥವಾ ಮುಚ್ಚಿದಲ್ಲೇ ಸಿಕ್ಕಿಹಾಕ್ಕೊಂಡ್ರೆ, ಬಾವು ಜ್ವರ ಇದ್ರೆ, ಬಿದ್ದು ಪೆಟ್ಟಾಗಿದ್ರೆ ಕಾಯ್ಬೇಡಿ. ವಯಸ್ಸಾದೋರಿಗೆ ನಡೆಯುವಾಗ ದವಡೆ ನೋವು, ಜೊತೆಗೆ ಎದೆ ಬಿಗಿತ, ಬೆವರು ಬಂದ್ರೆ ಅದು ಹೃದಯದ್ದಿರ್ಬಹುದು. ಸೀದಾ ಆಸ್ಪತ್ರೆ.

"ತಂಗಿಗೆ ಐದು ವರ್ಷ, ರಾತ್ರಿ ಕಟಕಟ ಕಡಿತಾಳೆ" ಅಂತ ತೀರ್ಥಹಳ್ಳಿಯಿಂದ ಒಬ್ರು ಕೇಳಿದ್ರಿ. ಮಕ್ಕಳಲ್ಲಿ ಇದು ಮಾಮೂಲು, ಸಾಮಾನ್ಯವಾಗಿ ದೊಡ್ಡೋರಾಗ್ತಾ ತಾನೇ ನಿಲ್ಲತ್ತೆ. ಗೊರಕೆ ಜೋರಿದ್ರೆ, ಬೆಳಿಗ್ಗೆ ತಲೆನೋವು ಅಂದ್ರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಅಜ್ಜಿ ಹುಳದ ಮಾತ್ರೆ ಅಂದ್ರೆ ಜಗಳ ಬೇಡ, ಅಂಗನವಾಡಿಲಿ ಹೇಗೂ ಕೊಡ್ತಾರೆ.