ಕಾವೇರಿಯ ದಡದಿಂದ ಕಡಲಿನ ಅಲೆಗೆ

ಪ್ರವಾಸದ ಸುಖವು ಹೊರಡುವುದಕ್ಕೆ ಮುಂಚೆಯೇ ಮೊದಲಾಗುತ್ತದೆಂದು ಹಿರಿಯರು ಹೇಳುವುದುಂಟು. ಅದರ ಕಷ್ಟವೂ ಆಗಲೇ ಮೊದಲಾಗುತ್ತದೆಂಬುದನ್ನು ನಾವು ಈ ವರ್ಷ ಕಂಡುಕೊಂಡೆವು.

ನಮ್ಮದು ನಾಲ್ಕು ಊರುಗಳಲ್ಲಿ ಹರಡಿಕೊಂಡಿರುವ ಸಂಸಾರ. ನಾವಿರುವುದು ಶ್ರೀರಂಗಪಟ್ಟಣದಲ್ಲಿ, ಅಕ್ಕನ ಮನೆ ಕೃಷ್ಣರಾಜಪೇಟೆಯಲ್ಲಿ, ತಂಗಿಯನ್ನು ಪಾಂಡವಪುರಕ್ಕೆ ಕೊಟ್ಟಿದೆ, ತಮ್ಮನು ನಾಗಮಂಗಲದಲ್ಲಿ ಉಪಾಧ್ಯಾಯ. ಗೌರಿಹಬ್ಬಕ್ಕೆ ಎಲ್ಲರೂ ನಮ್ಮಲ್ಲಿ ಕೂಡಿದ್ದಾಗ ಅಕ್ಕನ ಮಗಳು, "ಮಾವ, ಸಂಕ್ರಾಂತಿ ಕಳೆದ ಮೇಲೆ ನಾವೆಲ್ಲ ಮೂಲ್ಕಿಗೆ ಹೋಗೋಣ. ಅಲ್ಲಿ ಹಲಗೆಯ ಮೇಲೆ ನಿಂತು ಅಲೆಯ ಸವಾರಿ ಮಾಡುವುದನ್ನು ಕಲಿಸುತ್ತಾರೆ. ಊಟವೂ ಬಹಳ ಚೆನ್ನಾಗಿರುತ್ತದಂತೆ" ಎಂದಳು. ಸರ್ಫಿಂಗ್ ಎಂಬ ಈ ಆಟಕ್ಕಾಗಿ ಜನರು ಹವಾಯಿಗೂ ಕೆರಿಬಿಯನ್ ದ್ವೀಪಗಳ ಹಸುರು ತೀರಕ್ಕೂ ಹೋಗುವರೆಂದು ಕೇಳಿದ್ದೆವು. ತೆಂಗಿನ ತೋಪಿನ ನೆರಳೂ ಅಲೆಯೂ ನಮ್ಮ ನಾಡಿನಲ್ಲಿಯೇ ಉಂಟೆಂದು ತಿಳಿದು ಮಕ್ಕಳಿಗೆ ಹಿಗ್ಗೋ ಹಿಗ್ಗು.

ಆದರೆ ನಮ್ಮ ತಾಯಿಯವರು ಒಂದೇ ಮಾತಿನಲ್ಲಿ, "ನೀರಿನೊಡನೆ ಆಟ ಬೇಡ" ಎಂದುಬಿಟ್ಟರು. ಕಾರಣವು ನಮಗೆಲ್ಲ ಗೊತ್ತಿದ್ದುದೇ. ಅವರ ಅಣ್ಣನು ಹದಿನಾರನೆಯ ವಯಸ್ಸಿನಲ್ಲಿ ಸಂಗಮದ ಸ್ನಾನಕ್ಕೆ ಹೋದವನು ಹಿಂದಿರುಗಲಿಲ್ಲ. ಅಂದಿನಿಂದ ತಾಯಿಯವರು ಕಾವೇರಿಗೆ ಕೈಮುಗಿಯುವರಲ್ಲದೆ ಪಾದ ಮುಳುಗುವುದಕ್ಕಿಂತ ಹೆಚ್ಚು ಇಳಿದವರಲ್ಲ. ಯಾರೂ ಎದುರು ಮಾತಾಡಲಿಲ್ಲ.

ಕೊನೆಗೆ ತಂಗಿಯ ಯಜಮಾನರು ಮೆಲ್ಲಗೆ, "ಅತ್ತೆಯವರೆ, ನಿಮ್ಮ ಮಾತು ನಿಜ. ಆದರೆ ಈ ಊರಿನ ಎರಡು ಕಡೆಯೂ ಹೊಳೆ. ನಮ್ಮ ಊರಿನಲ್ಲಿ ವಿಶ್ವೇಶ್ವರಯ್ಯ ನಾಲೆ, ತೊಣ್ಣೂರು ಕೆರೆ. ನೀರಿನ ಮಗ್ಗುಲಲ್ಲೇ ಬಾಳುವ ಮಕ್ಕಳಿಗೆ ಈಜು ಬಾರದಿರುವುದೂ ಅಪಾಯವಲ್ಲವೆ?" ಎಂದರು. ತಾಯಿಯವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಮೊದಲು ಬಾವಿಯಲ್ಲಿ ಕಲಿಯಲಿ. ನಾನು ಕಣ್ಣಾರೆ ನೋಡಿದ ಮೇಲೆ ಸಮುದ್ರದ ಮಾತು" ಎಂದರು.

ಅಂದಿನಿಂದ ಪ್ರತಿ ಭಾನುವಾರವೂ ಪಾಂಡವಪುರದ ತೋಟದ ಬಾವಿಯಲ್ಲಿ ಪಾಠ ನಡೆಯಿತು. ಮೊದಮೊದಲು ಬೆನ್ನಿಗೆ ಖಾಲಿ ಡಬ್ಬ, ನಡುವಿಗೆ ಹಗ್ಗ. ಬರಬರುತ್ತ ಎರಡೂ ಬಿಟ್ಟುಹೋದುವು. ಇತ್ತ ನಾವು ಪ್ರವಾಸದ ವಿಚಾರವನ್ನು ಕಲೆಹಾಕಿದೆವು.

ಮೂಲ್ಕಿಯು ಮಂಗಳೂರಿನಿಂದ ಉತ್ತರಕ್ಕೆ ಸುಮಾರು ೩೦ ಕಿಲೋಮೀಟರ್. ಶಾಂಭವಿ, ನಂದಿನಿ ನದಿಗಳು ಅಲ್ಲಿಗೆ ಸಮೀಪದಲ್ಲಿ ಕಡಲನ್ನು ಸೇರುತ್ತವೆ. ೨೦೦೪ರಲ್ಲಿ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಮೊದಲಾಯಿತು. ೨೦೨೪ರಲ್ಲಿ ನೆರೆಯ ಸಸಿಹಿತ್ಲುವಿನಲ್ಲಿ ಅಖಿಲ ಭಾರತ ಮಟ್ಟದ ಪಂದ್ಯ ನಡೆಯಿತು. ದೂರದ ಗಾಳಿಯಿಂದ ಹುಟ್ಟಿದ ಅಲೆಯು ದಡದ ಬಳಿ ಆಳ ಕಡಿಮೆಯಾದಲ್ಲಿ ಬುಡ ತಡೆದು, ತಲೆ ಮುಂದಾಗಿ ಮಗುಚುತ್ತದೆ. ಹಾಗೆ ಮಗುಚುವ ಹೊತ್ತಿಗೆ ಸರಿಯಾಗಿ ಹಲಗೆಯ ಮೇಲೆ ಎದ್ದು ನಿಲ್ಲುವುದೇ ವಿದ್ಯೆ. ಮಳೆಗಾಲದ ಕಡಲು ಕಲಿಯುವವರಿಗಲ್ಲ. ಜೂನ್, ಜುಲೈಗಳಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುವುದರಿಂದ ತಾಜಾ ಮೀನೂ ಅಪರೂಪ. ಹೀಗೆ ಸಂಕ್ರಾಂತಿಯ ಮರುವಾರವೇ ಗೊತ್ತಾಯಿತು.

ಹೊಳೆಯ ಅಪಾಯ ಬೇರೆ, ಕಡಲಿನ ಅಪಾಯ ಬೇರೆ. ಕನ್ನಂಬಾಡಿ ಕಟ್ಟೆಯ ಬಾಗಿಲು ತೆರೆದರೆ ಕಾವೇರಿಯು ನೋಡನೋಡುತ್ತ ಏರುತ್ತಾಳೆ. ಬಂಡೆಯ ಸಂದಿನಲ್ಲಿ ಸುಳಿಯಿರುತ್ತದೆ. ಕಡಲಿನಲ್ಲಿಯಾದರೋ ದಡಕ್ಕೆ ಬಂದ ನೀರು ಕೆಲವೆಡೆ ಕಿರಿದಾದ ಸೆಳೆತವಾಗಿ ಹಿಂದಕ್ಕೋಡುತ್ತದೆ. ಅದರಲ್ಲಿ ಸಿಕ್ಕಿದವನು ದಡದ ಕಡೆಗೆ ಹೋರಾಡಿ ದಣಿಯಬಾರದು. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ತಿರುಗಬೇಕು. ಇದನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದೆವು. ಕಲಿಸುವವರಿಲ್ಲದೆ ನೀರಿಗಿಳಿಯಕೂಡದೆಂದೂ ಕಟ್ಟುಮಾಡಿದೆವು.

ದಾರಿಯೂ ನಿಶ್ಚಯವಾಯಿತು. ನಾವು ಪಾಂಡವಪುರ, ಚಿನಕುರಳಿ, ಕೃಷ್ಣರಾಜಪೇಟೆ, ಕಿಕ್ಕೇರಿಗಳ ಮೇಲೆ ಹೋಗುವುದು. ತಮ್ಮನು ನಾಗಮಂಗಲದಿಂದ ಬೆಳ್ಳೂರು ಕ್ರಾಸಿನ ಮೇಲೆ ಬರುವುದು. ಚನ್ನರಾಯಪಟ್ಟಣದಲ್ಲಿ ಕೂಡಿ, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಟ್ಟ ಇಳಿಯುವುದು. ಅಲ್ಲಿ ಬಂಗುಡೆಯ ಪುಳಿಮುಂಚಿ, ಕೋರಿರೊಟ್ಟಿ, ಕುಚ್ಚಲಕ್ಕಿ ಅನ್ನ. ಮೀನು ಮುಟ್ಟದವರಿಗೆ ನೀರುದೋಸೆಯೊಡನೆ ಬೆಲ್ಲ, ಕಾಯಿತುರಿ. ಬೆಲ್ಲವನ್ನು ಮಾತ್ರ ನಮ್ಮ ಆಲೆಮನೆಯದನ್ನೇ ಒಯ್ಯಬೇಕೆಂದು ತಂಗಿಯ ಹಟ.

ಕಳೆದ ಭಾನುವಾರ ತಾಯಿಯವರು ಬಾವಿಗೆ ಬಂದರು. ಮೆಟ್ಟಿಲ ಮೇಲೆ ಕುಳಿತು ಸೆರಗು ಬಿಗಿಹಿಡಿದಿದ್ದರು. ಮೊಮ್ಮಗಳು ಬಾವಿಯನ್ನು ಹತ್ತು ಸಲ ಅಡ್ಡಹಾಯ್ದು, ಅಂಗಾತ ಮಲಗಿ ತೇಲುತ್ತ, "ಅಜ್ಜಿ, ಸಾಕೆ?" ಎಂದು ಕೇಳಿದಳು. ತಾಯಿಯವರು ಕಣ್ಣೊರಸಿಕೊಂಡು, "ನಮ್ಮಣ್ಣನಿಗೆ ಇದನ್ನು ಯಾರೂ ಕಲಿಸಲಿಲ್ಲ" ಎಂದರು. ಮತ್ತೇನನ್ನೂ ಹೇಳಲಿಲ್ಲ.

ಮನೆಗೆ ಬಂದೊಡನೆ ರಾಗಿಯನ್ನು ಹಸನುಮಾಡಲು ಕುಳಿತರು. ಏಕೆಂದು ಕೇಳಿದೆವು. "ನಾಲ್ಕು ದಿನ ಬರಿಯ ಅನ್ನ ನನಗಾಗದು. ದಡದಲ್ಲಿ ಕುಳಿತು ಕಾಯುವವಳಿಗೂ ಮುದ್ದೆ ಬೇಡವೆ?" ಎಂದರು.

ಹೊರಡುವುದಕ್ಕೆ ಇನ್ನು ಒಂಬತ್ತು ದಿನಗಳಿವೆ. ಹಿಟ್ಟಿನ ಗಂಟು ಸಿದ್ಧವಾಗಿದೆ.