ಚಲಚ್ಚಿತ್ರದಲ್ಲಿ ಕಾಲವಿರೋಧ

ದಂಡಿಯು ತನ್ನ ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಹತ್ತು ಕಾವ್ಯದೋಷಗಳನ್ನು ಎಣಿಸಿರುವನು. ಅವುಗಳೊಳಗೆ ಎರಡನ್ನು ಇಂದಿನ ಚಲಚ್ಚಿತ್ರದ ಪ್ರೇಕ್ಷಕರು ಹೆಸರರಿಯದೆಯೇ ಚೆನ್ನಾಗಿ ಬಲ್ಲರು. ಮೊದಲು ಹೇಳಿದ್ದು ಆಮೇಲೆ ಹೇಳಿದ್ದರಿಂದ ಹೊಡೆದುಹೋಗುವುದು ‘ವ್ಯರ್ಥ’ವೆಂಬ ದೋಷ. ದೇಶ, ಕಾಲ, ಕಲೆ, ಲೋಕ, ನ್ಯಾಯ, ಆಗಮ ಎಂಬಿವುಗಳಿಗೆ ವಿರುದ್ಧವಾದುದನ್ನು ಹೇಳುವುದು ಕಟ್ಟಕಡೆಯ ದೋಷ. ಕಾಲವಿರೋಧಕ್ಕೆ ಅವನು ಕೊಡುವ ದೃಷ್ಟಾಂತಗಳು ಬಹು ಸರಳವಾದವು: ತಾವರೆಯು ಇರುಳಿನಲ್ಲಿ ಅರಳಿತೆಂದೂ ನೈದಿಲೆಯು ಹಗಲಿನಲ್ಲಿ ಬಿರಿಯಿತೆಂದೂ ವರ್ಣಿಸುವುದು. ಕಾವೇರಿಯ ದಡವು ಅಗರುಮರಗಳಿಂದ ಕಪ್ಪಾಗಿತ್ತೆಂಬುದು ದೇಶವಿರೋಧ. ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದ ‘ಕವಿರಾಜಮಾರ್ಗ’ದ ಮೂಲಕ ಈ ದೋಷವಿಚಾರವು ಒಂಬತ್ತನೆಯ ಶತಮಾನದಲ್ಲಿಯೇ ಕನ್ನಡಕ್ಕೂ ಇಳಿದುಬಂದಿತು.

ಚಿತ್ರವನ್ನು ನೋಡಿ ಅದರಲ್ಲಿನ ತಪ್ಪುಗಳನ್ನು ಹೆಕ್ಕುವುದು ಕೆಲಸವಿಲ್ಲದವರ ಚಟವೆಂದು ಹೇಳುವವರುಂಟು. ಅಂಥವರು ಭಾಮಹನನ್ನು ಓದತಕ್ಕದ್ದು. ವತ್ಸರಾಜನಾದ ಉದಯನನು ಕೃತಕವಾದ ಆನೆಯೊಂದನ್ನು ನಿಜವಾದ ಆನೆಯೆಂದು ಭ್ರಮಿಸಿ ಸೆರೆಸಿಕ್ಕಿದನೆಂಬ ಕಥೆಯನ್ನು ಆ ಆಚಾರ್ಯನು ಎಳೆಎಳೆಯಾಗಿ ಬಿಡಿಸಿ, ಗಜಶಾಸ್ತ್ರದಲ್ಲಿ ನಿಪುಣನಾದ ಅರಸನಿಗೆ ಯೋಧರನ್ನು ತುಂಬಿದ ತೊಗಲಿನ ಬೊಂಬೆಗೂ ಜೀವವುಳ್ಳ ಆನೆಗೂ ಭೇದ ತಿಳಿಯದೆ ಹೋಯಿತೇ ಎಂದು ಬಿಡದೆ ಕೇಳುತ್ತಾನೆ. ಮೇಘವನ್ನು ದೂತನನ್ನಾಗಿ ಕಳುಹಿಸುವುದು ಕೂಡ ಅವನಿಗೆ ಯುಕ್ತವಾಗಿ ತೋರಲಿಲ್ಲ. ರಸಿಕರು ಅವನ ಮಾತನ್ನು ಕೇಳಲಿಲ್ಲವೆಂಬುದು ಬೇರೆ ಸಂಗತಿ.

ಪೂರ್ವಾಪರವಿರೋಧದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಚಲಚ್ಚಿತ್ರವನ್ನು ಕಥೆಯ ಕ್ರಮದಲ್ಲಿ ಚಿತ್ರಿಸುವುದಿಲ್ಲ. ಒಂದೇ ಸಂಭಾಷಣೆಯ ಅರ್ಧವನ್ನು ಈ ವಾರವೂ ಉಳಿದರ್ಧವನ್ನು ಮುಂದಿನ ತಿಂಗಳೂ ಚಿತ್ರಿಸುವುದುಂಟು. ಆದಕಾರಣ ಮಂತ್ರಿಯ ಹಣೆಯ ತಿಲಕವು ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉದ್ದವಾಗುತ್ತದೆ. ರಾಣಿಯ ಜಡೆಯು ಎಡಭುಜದಿಂದ ಬಲಭುಜಕ್ಕೆ ದಾಟುತ್ತದೆ. ಕುಡಿದು ಬರಿದಾದ ಹಾಲಿನ ಬಟ್ಟಲು ತಾನಾಗಿ ತುಂಬುತ್ತದೆ. ಇವನ್ನು ನೋಡಿಕೊಳ್ಳಲೆಂದೇ ಚಿತ್ರೀಕರಣದಲ್ಲಿ ಒಬ್ಬರು ಟಿಪ್ಪಣಿಯ ಪುಸ್ತಕವನ್ನು ಹಿಡಿದು ಕುಳಿತಿರುತ್ತಾರೆ. ಆದರೂ ತಪ್ಪುಗಳು ನುಸುಳುತ್ತವೆ, ಪ್ರೇಕ್ಷಕರು ನಗುತ್ತಾರೆ, ಕಥೆಯು ಮುಂದೆ ಸಾಗುತ್ತದೆ. ೨೦೦೦ದಲ್ಲಿ ತೆರೆಕಂಡ ‘ಗ್ಲಾಡಿಯೇಟರ್’ ಎಂಬ ಚಿತ್ರದಲ್ಲಿ ಎರಡನೆಯ ಶತಮಾನದ ರೋಮಿನ ರಥವೊಂದು ಮಗುಚಿದಾಗ ಅದರ ಹಿಂಭಾಗದಲ್ಲಿ ಅನಿಲದ ಉರುಳೆಯೊಂದು ಕಾಣಿಸಿಕೊಂಡಿತು. ೨೦೧೯ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಎಂಬ ಧಾರಾವಾಹಿಯ ಔತಣದ ದೃಶ್ಯದಲ್ಲಿ, ಕಲ್ಪಿತವಾದ ಮಧ್ಯಯುಗದ ಮೇಜಿನ ಮೇಲೆ, ಈ ಕಾಲದ ಕಾಫಿಯ ಲೋಟವು ಉಳಿದುಬಿಟ್ಟಿತ್ತು. ಜಗತ್ತೆಲ್ಲ ನಕ್ಕಿತು; ಎರಡು ದಿನಗಳೊಳಗಾಗಿ ಆ ಲೋಟವನ್ನು ಯಂತ್ರದ ಸಹಾಯದಿಂದ ಅಳಿಸಿಹಾಕಿದರು. ನಗುವಿಗೆ ಆಸ್ಪದವಾದ ದೋಷವು ಹೀಗೆ ತನ್ನ ಮದ್ದನ್ನು ತಾನೇ ತರುತ್ತದೆ.

ಯಾರೂ ನಗದೆ ಇರುವ ದೋಷದ ಗತಿಯೇ ಬೇರೆ. ಪುರಾತನ ರಾಜನೊಬ್ಬನ ಭೋಜನದ ದೃಶ್ಯವನ್ನು ಊಹಿಸಿಕೊಳ್ಳಬಹುದು. ಕವಿಯಾದವನು ದೊರೆಯು ಆರೋಗಣೆಗೆ ಕುಳಿತನೆಂದು ಹೇಳಿ ಮುಂದಕ್ಕೆ ಹೋಗಬಹುದು. ಎಲೆಯಲ್ಲಿ ಏನಿತ್ತೆಂದು ಅವನನ್ನು ಯಾರೂ ಕೇಳರು. ಚಲಚ್ಚಿತ್ರಕ್ಕೆ ಆ ಮೌನದ ಸೌಕರ್ಯವಿಲ್ಲ. ಎಲೆಯ ಮೇಲೆ ಏನನ್ನಾದರೂ ಬಡಿಸಲೇಬೇಕು, ಕಿಟಕಿಯಾಚೆ ಯಾವುದಾದರೂ ಮರವು ನಿಂತಿರಲೇಬೇಕು. ಆಗ ಕೈಗೆ ಸಿಕ್ಕುವುದು ಈ ಕಾಲದ ಮನೆಯ ಪದಾರ್ಥ. ಚಾಲುಕ್ಯರ ಅಡಿಗೆಮನೆಯಲ್ಲಿ ಕೆಂಪು ಮೆಣಸಿನಕಾಯಿಯ ರಾಶಿ, ತಟ್ಟೆಯಲ್ಲಿ ಆಲೂಗಡ್ಡೆಯ ಪಲ್ಯ, ಹಣ್ಣಿನ ಹರಿವಾಣದಲ್ಲಿ ಪರಂಗಿ ಮತ್ತು ಅನಾನಸು. ಇವೆಲ್ಲವೂ ಅಮೆರಿಕಾ ಖಂಡದಿಂದ, ವಾಸ್ಕೋ ಡ ಗಾಮನು ೧೪೯೮ರಲ್ಲಿ ಕಲ್ಲಿಕೋಟೆಗೆ ಬಂದ ಮೇಲೆ, ಹಡಗನ್ನು ಹತ್ತಿ ಬಂದವು. ವಿಚಿತ್ರವೇನೆಂದರೆ ಕನ್ನಡ ಭಾಷೆಯು ಈ ಗುಟ್ಟನ್ನು ಎಂದೂ ಮುಚ್ಚಿಟ್ಟಿಲ್ಲ. ಪರಂಗಿಯೆಂಬ ಹೆಸರೇ ಅದು ಫರಂಗಿಯವರ ಹಣ್ಣೆಂದು ಕೂಗಿ ಹೇಳುತ್ತದೆ. ಸೀಮೆಬದನೆಯಲ್ಲಿಯೂ ಸೀಮೆಹುಣಸೆಯಲ್ಲಿಯೂ ಇರುವ ಸೀಮೆಯು ಪರದೇಶ. ಖಾರಕ್ಕೆ ಮೊದಲಿನಿಂದ ಇದ್ದದ್ದು ಮೆಣಸು, ಹಿಪ್ಪಲಿ, ಶುಂಠಿ. ಹೊಸದಾಗಿ ಬಂದ ಕಾಯಿಗೆ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು. ಪ್ರತಿದಿನವೂ ಈ ಮಾತುಗಳನ್ನಾಡುವವರೇ ಇಮ್ಮಡಿ ಪುಲಿಕೇಶಿಯ ಅಡಿಗೆಯವನು ಒಗ್ಗರಣೆಗೆ ಒಣಮೆಣಸಿನಕಾಯಿಯನ್ನು ಮುರಿದು ಹಾಕುವುದನ್ನು ಕಂಡು ಸುಮ್ಮನಿರುವರು.

ಆಧಾರಗಳಿಲ್ಲದೆ ಹೀಗಾಯಿತೆಂದು ಹೇಳುವಂತೆಯೂ ಇಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ವನ್ನು ಬರೆದು, ಅರಸನ ಎಲೆಗೆ ಏನೇನು ಬೀಳುತ್ತಿತ್ತೆಂಬುದನ್ನು ತಾನೇ ಹೇಳಿಟ್ಟಿರುವನು. ಅಲ್ಲಿನ ಇಡ್ಡರಿಕೆಯಲ್ಲಿ ಅಕ್ಕಿಯಿಲ್ಲ. ಅದು ಬರಿಯ ಉದ್ದಿನದು, ಮೆಣಸು ಜೀರಿಗೆ ಇಂಗು ಸೇರಿದ್ದು. ವಿಜಯನಗರದ ಕಾಲಕ್ಕೆ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವು ಕನ್ನಡದಲ್ಲಿಯೇ ಇದೆ. ಅರಮನೆಯ ಉದ್ಯಾನದ ಮಾತೂ ಹೀಗೆಯೇ. ಸಂಸ್ಕೃತ ಕವಿಗಳು ಒಂದೊಂದು ಋತುವಿಗೂ ಹೂಗಳ ಪಟ್ಟಿಯನ್ನೇ ಕೊಟ್ಟಿರುವಾಗ, ರಾಜಕುಮಾರಿಯು ಸಖಿಯರೊಡನೆ ಹಾಡುತ್ತ ಸುತ್ತುವುದು ಮಡಗಾಸ್ಕರದ ಗುಲ್ಮೊಹರನ್ನು. ಒರಗುವುದು ಬ್ರೆಜಿಲಿನ ಬೋಗನ್‌ವಿಲ್ಲಾ ಬಳ್ಳಿಗೆ. ಕೊರಳಲ್ಲಿ ಧರಿಸುವುದು ಮೆಕ್ಸಿಕೋದ ಚೆಂಡುಹೂವಿನ ಮಾಲೆಯನ್ನು. ದಂಡಿಯು ಇದ್ದಿದ್ದರೆ ಅವನ ಕಾವೇರಿಯ ಅಗರುಮರಗಳಿಗೆ ಒಳ್ಳೆಯ ನೆರೆಹೊರೆಯು ದೊರೆಯುತ್ತಿತ್ತು.

ಉಡುಪಿನ ವಿಚಾರಕ್ಕೆ ಬಂದರೆ ಹಾನಿಯ ಸ್ವರೂಪವು ಇನ್ನೂ ಸ್ಪಷ್ಟವಾಗುವುದು. ಕೃಷ್ಣದೇವರಾಯನನ್ನು ಕಣ್ಣಾರೆ ಕಂಡ ಪೋರ್ಚುಗೀಸ ಪ್ರವಾಸಿ ದೊಮಿಂಗೊ ಪಾಯಸನು ರಾಯನ ವೇಷವನ್ನು ವರ್ಣಿಸಿರುವನು: ಚಿನ್ನದ ಎಳೆಯಿಂದ ಗುಲಾಬಿಗಳನ್ನು ಕಸೂತಿ ಮಾಡಿದ ಬಿಳಿಯ ವಸ್ತ್ರ, ತಲೆಯ ಮೇಲೆ ಶಿರಸ್ತ್ರಾಣದ ಆಕಾರದ ಜರತಾರಿ ಟೋಪಿ, ಬರಿಗಾಲು. ಇದು ೧೯೦೦ರಲ್ಲಿ ಅಚ್ಚಾದ ಸೂವೆಲನ ಇಂಗ್ಲಿಷ್ ಗ್ರಂಥದಲ್ಲಿ ಎಲ್ಲರಿಗೂ ದೊರೆಯುವ ಸಂಗತಿ. ಆ ಎತ್ತರದ ಟೋಪಿಗೆ ಕುಲ್ಲಾಯಿ ಎಂದು ಹೆಸರು. ಪಾರಸೀಕದ ‘ಕುಲಾಹ್’ ಎಂಬುದೇ ಅದರ ಮೂಲ. ಲೇಪಾಕ್ಷಿಯ ವರ್ಣಚಿತ್ರಗಳಲ್ಲಿ ಇಂಥ ಟೋಪಿಯನ್ನು ಧರಿಸಿದ ಪುರುಷರು ಸಾಲುಸಾಲಾಗಿ ನಿಂತಿದ್ದಾರೆ. ತಿರುಮಲೆಯ ದೇವಾಲಯದಲ್ಲಿ ತಿರುಮಲದೇವಿ ಚಿನ್ನಾದೇವಿಯರ ನಡುವೆ ಕೈಮುಗಿದು ನಿಂತಿರುವ ರಾಯನ ಲೋಹಪ್ರತಿಮೆಯ ತಲೆಯ ಮೇಲಿರುವುದೂ ಅದೇ.

ಒಂದು ಮನೆಯ ಹುಡುಗನು ಶಾಲೆಯ ಉತ್ಸವದಲ್ಲಿ ಬಂಗಾರದ ಕಾಗದದ ಕಿರೀಟವನ್ನೂ ತುದಿ ಬಾಗಿದ ಜರಿಯ ಪಾದರಕ್ಷೆಗಳನ್ನೂ ತೊಟ್ಟು ಕೃಷ್ಣದೇವರಾಯನ ಪಾತ್ರವನ್ನು ಮಾಡಿ ಬಹುಮಾನವನ್ನು ಪಡೆದಿದ್ದನು. ಬೇಸಿಗೆಯಲ್ಲಿ ಮನೆಯವರೊಡನೆ ತಿರುಮಲೆಗೆ ಹೋದಾಗ ಅಜ್ಜಿಯು ಆ ಪ್ರತಿಮೆಯನ್ನು ತೋರಿಸಿ, ಇವನೇ ನಿನ್ನ ರಾಯ ಎಂದಳು. ಹುಡುಗನು ನೋಡಿದನು, ಇವನು ರಾಯನಲ್ಲ, ಯಾರೋ ಟೋಪಿಯವನು ಎಂದನು. ಎಲ್ಲರೂ ನಕ್ಕರು. ಆದರೆ ಆ ಟೋಪಿ ಏನೆಂದು ತಿಳಿಸಿ ಹೇಳಬಲ್ಲವರು ಅವರಲ್ಲಿ ಒಬ್ಬರೂ ಇರಲಿಲ್ಲ. ಅದೇ ಅಜ್ಜಿಯು ಮನೆಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಕುಲಾವಿಯನ್ನು ಹೊಲಿದವಳು. ರಾಯನ ಕುಲ್ಲಾಯಿಯೇ ಕೂಸಿನ ಕುಲಾವಿಯಾಗಿ ಕನ್ನಡದಲ್ಲಿ ಉಳಿದಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾಳೆ ಯಾವನಾದರೂ ನಿರ್ದೇಶಕನು ಪಾಯಸನನ್ನೂ ಪ್ರತಿಮೆಯನ್ನೂ ನಂಬಿ ರಾಯನಿಗೆ ಕುಲ್ಲಾಯಿಯನ್ನು ತೊಡಿಸಿ ಬರಿಗಾಲಿನಲ್ಲಿ ನಡೆಯಿಸಿದರೆ, ಹಿಂದೂ ದೊರೆಗೆ ತುರುಕರ ಟೋಪಿಯನ್ನು ಹಾಕಿದನೆಂದು ಗಲಭೆಯೇಳುವುದರಲ್ಲಿ ಸಂದೇಹವಿಲ್ಲ. ಕಾಲವಿರೋಧವು ಬಹುಕಾಲ ನಿಂತರೆ ಹೀಗಾಗುವುದು: ತಪ್ಪು ಕಣ್ಣಿಗೆ ಒಗ್ಗಿಹೋಗಿ, ನಿಜವೇ ತಪ್ಪಾಗಿ ತೋರುತ್ತದೆ.

ಹಾಗಾದರೆ ಆ ಕಿರೀಟವೂ ಪಾದರಕ್ಷೆಯೂ ಎಲ್ಲಿಂದ ಬಂದವು? ಹಂಪೆಯಿಂದಲ್ಲ, ಬಾದಾಮಿಯಿಂದಲೂ ಅಲ್ಲ. ನಾಟಕಮಂಡಳಿಗಳ ಪೆಟ್ಟಿಗೆಯಿಂದ ಬಂದವು. ಪಾರಸೀ ರಂಗಭೂಮಿಯ ಮಖಮಲ್ಲೂ, ರವಿವರ್ಮನ ಅಚ್ಚುಚಿತ್ರಗಳಲ್ಲಿ ಸೀತೆ ದಮಯಂತಿಯರು ಉಟ್ಟ ಸೀರೆಯ ಕಟ್ಟೂ ಸೇರಿ ಆ ಪೆಟ್ಟಿಗೆಯು ತುಂಬಿತು. ಮೂಕಚಿತ್ರಗಳೂ ಅನಂತರ ವಾಕ್ಚಿತ್ರಗಳೂ ಅದನ್ನೇ ತೆರೆದವು. ಆದುದರಿಂದ ಏಳನೆಯ ಶತಮಾನದ ಕಥೆಯೆಂದು ತೋರಿಸುವ ಚಿತ್ರವು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗವನ್ನು ತೋರಿಸುತ್ತದೆ. ಆಸ್ಥಾನದ ಗಾಯಕನ ಮುಂದೆ ಹಾರ್ಮೋನಿಯಮ್ಮನ್ನು ಇಟ್ಟರಂತೂ ಮುಗಿಯಿತು. ಆ ವಾದ್ಯವು ೧೮೪೦ರ ದಶಕದ ಪ್ಯಾರಿಸಿನದು. ಬಾದಾಮಿಯ ಮೂರನೆಯ ಗುಹೆಯು ೫೭೮ರದು, ಪುಲಿಕೇಶಿಯ ಚಿಕ್ಕಪ್ಪನಾದ ಮಂಗಲೇಶನು ಮಾಡಿಸಿದ್ದು. ಆ ಕಾಲದ ಕೇಶಬಂಧ, ಆಭರಣ, ವಸ್ತ್ರಗಳೆಲ್ಲವೂ ಅಲ್ಲಿನ ಮಿಥುನಶಿಲ್ಪಗಳಲ್ಲಿ ಇಂದಿಗೂ ಕಾಣುತ್ತವೆ. ಅಲ್ಲಿನ ವಸ್ತ್ರದ ಮಿತವ್ಯಯವನ್ನು ತೆರೆಯ ಮೇಲೆ ತರುವಂತಿಲ್ಲವೆಂಬುದನ್ನು ಮಾತ್ರ ಒಪ್ಪಬೇಕು. ಅದೊಂದು ವಿಷಯದಲ್ಲಿ ಚಿತ್ರಕಾರರು ಕಾಲವಿರೋಧಿಗಳಾಗಿರುವುದೇ ಲೇಸು.

ಇದಕ್ಕೆ ಪ್ರತಿಪಕ್ಷವೂ ಬಲವಾದುದೇ. ಚಕೋರವು ಬೆಳುದಿಂಗಳನ್ನು ಕುಡಿಯುತ್ತದೆ, ಸುಂದರಿಯ ಕಾಲ್ತುಳಿತದಿಂದ ಅಶೋಕವು ಹೂಬಿಡುತ್ತದೆ ಎಂಬಂಥ ಕವಿಸಮಯಗಳನ್ನು ರಾಜಶೇಖರನು ಮಾನ್ಯಮಾಡಿರುವನು. ಕವಿಯ ಕೌಶಲದಿಂದ ಈ ವಿರೋಧಗಳೆಲ್ಲ ಕೆಲವೊಮ್ಮೆ ಗುಣವಾಗಬಲ್ಲವೆಂದು ದಂಡಿಯೇ ಬಿಟ್ಟುಕೊಟ್ಟಿರುವನು. ಪುಲಿಕೇಶಿಯು ಏಳನೆಯ ಶತಮಾನದ ಶಾಸನಗಳ ಕನ್ನಡವನ್ನು ಆಡಿದರೆ ಅರ್ಥವಾಗುವುದು ಯಾರಿಗೆ? ಅವನ ಬಾಯಲ್ಲಿ ಇಂದಿನ ಕನ್ನಡವನ್ನು ಇಡುವುದು ನ್ಯಾಯವಾದ ಸಮಯವೇ. ಹುಕುಂ, ಖಜಾನೆ, ಸಿಪಾಯಿ ಎಂಬ ಮಾತುಗಳು ನುಸುಳದಿದ್ದರೆ ಸಾಕು. ೧೯೬೭ರ ‘ಇಮ್ಮಡಿ ಪುಲಿಕೇಶಿ’, ೧೯೭೦ರ ‘ಶ್ರೀ ಕೃಷ್ಣದೇವರಾಯ’, ೧೯೭೫ರ ‘ಮಯೂರ’ ಇವುಗಳು ಇಲ್ಲದಿದ್ದರೆ ಕದಂಬ ಚಾಲುಕ್ಯರ ಹೆಸರುಗಳು ಎಷ್ಟೋ ಮನೆಗಳೊಳಗೆ ಕಾಲಿಡುತ್ತಲೇ ಇರಲಿಲ್ಲ. ರಾಜಕುಮಾರರ ಕಂಠದಿಂದ ಆ ಹೆಸರುಗಳಿಗೆ ಬಂದ ತೇಜಸ್ಸು ಯಾವ ಪಠ್ಯಪುಸ್ತಕದಿಂದಲೂ ಬಂದುದಲ್ಲ.

೧೯೮೩ರ ‘ಕವಿರತ್ನ ಕಾಳಿದಾಸ’ವು ಮಹಾಕವಿಯನ್ನು ಭೋಜರಾಜನ ಆಸ್ಥಾನದಲ್ಲಿ ಕೂರಿಸಿದಾಗಲೂ ಅಪರಾಧವು ಅದೊಂದರದೇ ಅಲ್ಲ. ಹದಿನಾರನೆಯ ಶತಮಾನದ ‘ಭೋಜಪ್ರಬಂಧ’ದಲ್ಲಿ ಬಲ್ಲಾಳನು ಕಾಳಿದಾಸ, ಬಾಣ, ಭವಭೂತಿ, ಮಾಘರೆಲ್ಲರನ್ನೂ ಹನ್ನೊಂದನೆಯ ಶತಮಾನದ ಒಂದೇ ಸಭೆಗೆ ಕರೆತಂದಿದ್ದನು. ಪಾಠಶಾಲೆಗಳಲ್ಲಿ ತಲೆಮಾರುಗಳ ಕಾಲ ವಿದ್ಯಾರ್ಥಿಗಳು ಅದನ್ನು ಓದಿ ನಲಿದರು. ಅಷ್ಟು ಹೊತ್ತಿಗೆ ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ, ೬೩೪ರ ಶಾಸನದಲ್ಲಿ, ಪುಲಿಕೇಶಿಯ ಕವಿಯಾದ ರವಿಕೀರ್ತಿಯು ತನ್ನ ಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಯೊಡನೆ ಹೋಲಿಸಿಕೊಂಡು ನಿಂತಿದ್ದನು. ಭೋಜನು ಹುಟ್ಟಲು ಇನ್ನೂ ಮುನ್ನೂರು ವರ್ಷಗಳಿಗೂ ಮಿಕ್ಕಿ ಇದ್ದಿತು. ಆದರೂ ಬಲ್ಲಾಳನಿಗೂ ಚಲಚ್ಚಿತ್ರಕ್ಕೂ ಒಂದು ಅಂತರವಿದೆ. ಬಲ್ಲಾಳನದು ಮಾತು, ಮಾತನ್ನು ಕೇಳಿದವನು ಇದು ಕಥೆಯೆಂದು ತಿಳಿದೇ ತಲೆದೂಗುವನು. ತೆರೆಯ ಮೇಲಿನದು ಛಾಯಾಚಿತ್ರ. ಕ್ಯಾಮರಾದ ಎದುರಿಗಿದ್ದುದೇ ಅದರಲ್ಲಿ ಮೂಡುವುದರಿಂದ, ಕಂಡದ್ದನ್ನು ಸಾಕ್ಷಿಯೆಂದು ಮನಸ್ಸು ತಾನಾಗಿ ಒಪ್ಪಿಬಿಡುತ್ತದೆ. ಚಕೋರವನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಕಿರೀಟವನ್ನು ಮಾತ್ರ ತಿರುಮಲೆಯಲ್ಲಿಯೂ ಹುಡುಕುವರು.

ಆ ಸಾಕ್ಷಿಯ ಬಲಕ್ಕೆ ಹಂಪೆಗಿಂತ ಬೇರೆ ಉದಾಹರಣೆ ಬೇಕಾಗಿಲ್ಲ. ವಿಜಯನಗರದ ವೈಭವವನ್ನು ತೋರಿಸಬೇಕಾದಾಗ ಅಲ್ಲಿನ ಬೋಳು ಕಲ್ಲುಗಳ ಮುಂದೆಯೇ ಆನೆ ಕುದುರೆಗಳನ್ನು ನಡೆಯಿಸುವುದುಂಟು. ಆದರೆ ಆ ಬೋಳುತನವು ೧೫೬೫ರ ಬಳಿಕ ಬಂದದ್ದು. ರಾಯನ ಕಾಲದಲ್ಲಿ ಅರಮನೆಗಳ ಕಲ್ಲಿನ ಜಗಲಿಯ ಮೇಲೆ ಮರದ ಕಟ್ಟಡಗಳಿದ್ದವು, ಗುಡಿಗಳ ಮೇಲೆ ಗಾರೆಯೂ ಬಣ್ಣವೂ ಇದ್ದವು. ವಿಠ್ಠಲ ದೇವಾಲಯದ ಕಲ್ಲಿನ ರಥಕ್ಕೆ ಇಟ್ಟಿಗೆಯ ಶಿಖರವೊಂದಿತ್ತು. ೧೮೫೬ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಅದು ಕಾಣುತ್ತದೆ, ಈಗ ಅದಿಲ್ಲ. ಯಾವನಾದರೂ ಚಿತ್ರಕಾರನು ಆ ಶಿಖರವನ್ನು ಮರಳಿ ಕಟ್ಟಿ ತೋರಿಸಿದರೆ, ಮೊದಲು ಆಕ್ಷೇಪಿಸುವವರು ಹಂಪೆಯನ್ನು ನೋಡಿ ಬಂದವರೇ. ೨೦೧೭ರಿಂದ ಹೊರಬಂದ ಐವತ್ತು ರೂಪಾಯಿಯ ನೋಟಿನ ಮೇಲೆ ಅಚ್ಚಾಗಿರುವುದೂ ಶಿಖರವಿಲ್ಲದ ರಥ.