ರೂಪಾಯಿಗೆ ಆರು ಪೈಸೆ

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಸ್ವಂತ ಮನೆಯುಳ್ಳ ಗೃಹಸ್ಥರು ವರ್ಷಕ್ಕೊಮ್ಮೆ ಮನೆಗಂದಾಯವನ್ನು ಸಲ್ಲಿಸಿ, ರಸೀತಿಯನ್ನು ಮಡಿಸಿ ಪೆಟ್ಟಿಗೆಯಲ್ಲಿಡುವುದು ವಾಡಿಕೆ. ಆ ಕಂದಾಯದೊಡನೆ ಗ್ರಂಥಾಲಯ ಕರವೆಂಬ ಒಂದು ಸಣ್ಣ ಬಾಬೂ ಸೇರಿರುವುದನ್ನು ಎಷ್ಟು ಮಂದಿ ಗಮನಿಸಿರುವರೋ ಹೇಳುವುದು ಕಷ್ಟ. ತೆರಿಗೆಯ ಪ್ರತಿಯೊಂದು ರೂಪಾಯಿಗೆ 6 ಪೈಸೆಯಂತೆ ಇದು ವಸೂಲಾಗುವುದು. ನೂರು ರೂಪಾಯಿ ಕಂದಾಯ ಕೊಟ್ಟವನು, ತಾನು ಒಂದು ಹಾಳೆಯನ್ನೂ ಓದದಿದ್ದರೂ, ಪುಸ್ತಕಕ್ಕೆಂದು ಆರು ರೂಪಾಯಿಯನ್ನು ಕೊಟ್ಟೇ ಇರುವನು. ಬಾಡಿಗೆಯ ಮನೆಯವನು ಬಾಡಿಗೆಯ ಮೂಲಕ ಅದರಲ್ಲಿ ಪಾಲುಗಾರನಾಗಿರುವನು. ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರ ಚಿಂತನೆಯ ಜಾಡಿನಲ್ಲಿ 1965ರಲ್ಲಿ ಆದ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಈ ಏರ್ಪಾಡಿಗೆ ಆಧಾರ. ಆದಕಾರಣ ಸರ್ಕಾರಿ ಗ್ರಂಥಾಲಯವೆಂಬುದು ಸರ್ಕಾರದವರು ಕೈಯೆತ್ತಿ ಕೊಟ್ಟ ದಾನವಲ್ಲ. ಊರಿನವರೆಲ್ಲರೂ ಕೂಡಿ ಮಾಡಿಕೊಂಡ ಆಸ್ತಿ.

ಇಂಥ ಗ್ರಂಥಾಲಯಕ್ಕೆ ಹೊಸ ಪುಸ್ತಕಗಳ ಕಟ್ಟು ಬಂದಿತೆಂದರೆ ಓದುಗರ ಕೈ ಮೊದಲು ಕಾದಂಬರಿಗಳ ಕಡೆಗೆ ಹೋಗುವುದು ಸಹಜ. ಚರಿತ್ರೆ, ಸಾರ್ವಜನಿಕ ನೀತಿ ಎಂಬ ಎರಡು ಬಗೆಯ ಗ್ರಂಥಗಳು ಮಾತ್ರ ಹೊಸ ರಟ್ಟಿನ ವಾಸನೆ ಆರುವವರೆಗೂ ಇಟ್ಟ ಕಡೆಯಲ್ಲಿಯೇ ನಿಂತಿರುವುದುಂಟು. ಸ್ಪರ್ಧಾಪರೀಕ್ಷೆಗೆ ಕುಳಿತಿರುವ ತರುಣರು ಅವುಗಳನ್ನು ತೆಗೆಯುವರು, ನಿಜ. ಆದರೆ ಪರೀಕ್ಷೆಗೆ ಬೇಕಾದುದು ಇಸವಿ ಮತ್ತು ಹೆಸರು. ಗೃಹಸ್ಥರೋ, ‘ಚರಿತ್ರೆಯೆಂದರೆ ಸತ್ತವರ ಸಂಗತಿ, ನೀತಿಯೆಂದರೆ ವಿಧಾನಸೌಧದವರ ಸಂಗತಿ, ನಮಗೇಕೆ?’ ಎಂದು ವೃತ್ತಪತ್ರಿಕೆಯ ಮೇಜಿಗೆ ತೆರಳುವರು. ಈ ‘ನಮಗೇಕೆ’ ಎಂಬ ಮಾತು ಎಷ್ಟರ ಮಟ್ಟಿಗೆ ಸರಿಯೆಂಬುದು ವಿಚಾರಾರ್ಹವಾಗಿದೆ.

ಈ ಎರಡು ಊರುಗಳ ಸುತ್ತಿನ ಬತ್ತದ ಗದ್ದೆಗಳನ್ನೇ ನೋಡಬಹುದು. ಅವುಗಳಲ್ಲಿ ಬಹುಭಾಗಕ್ಕೆ ಜೀವಾಳವು ಲಕ್ಕವಳ್ಳಿಯ ಬಳಿ ಕಟ್ಟಿದ ಭದ್ರಾ ಅಣೆಕಟ್ಟಿನ ನೀರು. ಮಳೆ ಕೊರೆಯಾದ ವರ್ಷದಲ್ಲಿ ನಾಲೆಯ ಕೊನೆಯ ರೈತನು ತನ್ನ ಪಾಲಿನ ನೀರಿಗಾಗಿ ಹಗಲಿರುಳು ಕಾಯಬೇಕಾಗುವುದು. ನೀರು ಯಾವ ದಿನ ಬಿಡಬೇಕು, ಎಷ್ಟು ದಿನ ನಿಲ್ಲಿಸಬೇಕು ಎಂಬ ನಿರ್ಣಯವೇ ಸಾರ್ವಜನಿಕ ನೀತಿ. ಅದರ ಹಿಂದಿರುವುದು ಚರಿತ್ರೆ. ತುಂಗಾ, ಭದ್ರಾ, ತುಂಗಭದ್ರೆಗಳ ವಿಷಯದಲ್ಲಿ ಮೈಸೂರು ಸಂಸ್ಥಾನವು ಮದರಾಸು ಸರ್ಕಾರದೊಡನೆ 1892ರಲ್ಲಿಯೇ ಒಪ್ಪಂದ ಮಾಡಿಕೊಂಡಿತ್ತು. ತರುವಾಯ ರಾಜ್ಯಗಳ ಗಡಿಗಳು ಬದಲಾದುವು. 1969ರಲ್ಲಿ ನೇಮಕವಾದ, ಬಚಾವತ್ ಅವರ ಅಧ್ಯಕ್ಷತೆಯ ನ್ಯಾಯಮಂಡಲಿಯು ಕೃಷ್ಣಾ ಕಣಿವೆಯ ನೀರನ್ನು ಹಂಚಿತು. ಈಚೆಗೆ ಭದ್ರಾ ಮೇಲ್ದಂಡೆಯ ಯೋಜನೆಯು ಚಿತ್ರದುರ್ಗದ ಬರಡು ಸೀಮೆಯ ಬಾಯಾರಿಕೆಯನ್ನೂ ಇದೇ ಲೆಕ್ಕಕ್ಕೆ ತಂದಿದೆ. ಇದನ್ನೆಲ್ಲ ಅರಿತ ರೈತನ ಮಾತಿಗೂ ಬರಿಯ ಸಂಕಟದಿಂದ ಕೂಗುವವನ ಮಾತಿಗೂ ಅಧಿಕಾರಿಗಳ ಮುಂದೆ ತೂಕ ಬೇರೆ.

ಡ್ಯೂಯಿ ಎಂಬ ಅಮೆರಿಕದ ವಿದ್ವಾಂಸನು 1876ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಆಡಳಿತದ ಗ್ರಂಥಗಳು ಮುನ್ನೂರರ ವರ್ಗದಲ್ಲಿಯೂ ಚರಿತ್ರೆಯ ಗ್ರಂಥಗಳು ಒಂಬೈನೂರರ ವರ್ಗದಲ್ಲಿಯೂ ಬರುವುವು. ಆ ಕ್ರಮವನ್ನು ಅನುಸರಿಸುವ ಗ್ರಂಥಾಲಯಗಳಲ್ಲಿ ಒಂದು ಕಪಾಟಿನಿಂದ ಇನ್ನೊಂದಕ್ಕೆ ಹತ್ತಾರು ಹೆಜ್ಜೆ ನಡೆಯಬೇಕು. ಪುಸ್ತಕಗಳನ್ನು ಹುಡುಕುವುದಕ್ಕೆ ಈ ಅಂತರ ಅನುಕೂಲ. ಊರಿನ ಬಾಳಿನಲ್ಲಿ ಮಾತ್ರ ಅಂಥ ಅಂತರವಿಲ್ಲ. ಒಂದು ಕಾಲದಲ್ಲಿ ಹತ್ತಿಯ ಗಿರಣಿಗಳಿಂದ ಹೆಸರಾಂತಿದ್ದ ದಾವಣಗೆರೆಯಲ್ಲಿ ಅವುಗಳಲ್ಲಿ ಹೆಚ್ಚಿನವು ಮುಚ್ಚಿಹೋದುವು. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾಗಿ, ಯಂತ್ರಗಳನ್ನು ಮಾಡುವ ಯಂತ್ರಗಳಿಗೆ ಖ್ಯಾತಿಗೊಂಡಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಈ ಶತಮಾನದ ಆದಿಯ ಹೊತ್ತಿಗೆ ನಿಂತಿತು. ಗಿರಣಿಯ ಸಿಳ್ಳಿಗೆ ಎದ್ದು ಹೊರಡುತ್ತಿದ್ದ ಮನೆಗಳಲ್ಲಿ ಈ ಕಥೆಯನ್ನು ಹಿರಿಯರು ವಿಧಿಯೆಂಬಂತೆ ಹೇಳಿ ಮುಗಿಸುವರು. ಅದರಲ್ಲಿ ವಿಧಿಯೆಷ್ಟು, 1991ರ ಆರ್ಥಿಕ ನೀತಿಯ ಪಾಲೆಷ್ಟು, ಆಡಳಿತ ನಡೆಸಿದವರ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಬಿಡಿಸಿ ನೋಡದಿದ್ದರೆ ಮಕ್ಕಳಿಗೆ ಉಳಿಯುವುದು ನಿಟ್ಟುಸಿರೊಂದೇ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಇಪ್ಪತ್ತರ ಪಟ್ಟಿಯಲ್ಲಿ ದಾವಣಗೆರೆಯ ಹೆಸರು ಬಂದುದು ಹೆಮ್ಮೆಯ ಸಂಗತಿ. ಆದರೆ ಆ ಹೆಮ್ಮೆಯ ಜತೆಯಲ್ಲಿ, ಯಾವ ಬೀದಿಗೆ ಏನು ಬಂದಿತೆಂದು ಕೇಳುವ ತಿಳಿವಳಿಕೆಯೂ ಇರಬೇಡವೇ?

ಇಂಥ ತಿಳಿವಳಿಕೆ ಈ ನಾಡಿಗೆ ಹೊಸದೇನಲ್ಲ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು ಹರಿಹರೇಶ್ವರನ ಆಲಯವನ್ನು ಕಟ್ಟಿಸಿದುದು 1224ರ ಸುಮಾರಿನಲ್ಲಿ. ಆ ಆಲಯದ ಆವರಣದಲ್ಲಿ ನಿಂತಿರುವ ಶಾಸನಗಳನ್ನು ಭಕ್ತರು ದೇವರ ವಸ್ತುಗಳೆಂದು ಭಾವಿಸಿ ಮುಂದೆ ಸಾಗುವರು. ದಾನಶಾಸನವೆಂಬುದಾದರೋ ಯಾರು, ಯಾವ ಭೂಮಿಯನ್ನು, ಯಾವ ಕಾರ್ಯಕ್ಕೆ, ಯಾವ ಎಲ್ಲೆಯೊಳಗೆ ಬಿಟ್ಟರೆಂಬ ನಿರ್ಣಯದ ದಾಖಲೆ. ಅಂದು ಓದಬಲ್ಲವರು ಕೆಲವರೇ ಆಗಿದ್ದರೂ, ಆ ನಿರ್ಣಯ ಬೀಗದೊಳಗಿನ ಕಡತವಾಗಿರಲಿಲ್ಲ. ನಾಲ್ಕು ಜನ ಬಂದುಹೋಗುವ ಎಡೆಯಲ್ಲಿ ಕಲ್ಲಾಗಿ ನಿಂತಿದ್ದಿತು. ಬಿ. ಎಲ್. ರೈಸ್ ಅವರು ಚಿತ್ರದುರ್ಗ ಜಿಲ್ಲೆಯ ಶಾಸನಗಳ ಸಂಪುಟದಲ್ಲಿ ಇವುಗಳನ್ನು ಸಂಗ್ರಹಿಸಿ ಅಚ್ಚು ಮಾಡಿಸಿದ ಮೇಲೆ, ಕಲ್ಲಿನ ನೀತಿಯು ಪುಸ್ತಕದ ಚರಿತ್ರೆಯಾಯಿತು.

ಪುಸ್ತಕವು ಎಂದು ಹೊಸದಾಗುವುದೆಂಬುದಕ್ಕೆ ಮೈಸೂರಿನ ಸರ್ಕಾರಿ ಗ್ರಂಥಾಲಯವೇ ಒಂದು ನಿದರ್ಶನವನ್ನಿತ್ತಿದೆ. 1891ರಲ್ಲಿ ಸ್ಥಾಪಿತವಾದ ಅಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ಓಲೆಗರಿಯ ಕಟ್ಟೊಂದನ್ನು ಒಪ್ಪಿಸಿದರು. ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳು ಅದನ್ನು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಮುದ್ರಿಸಿದರು. ತೆರಿಗೆ, ಅಳತೆ, ನೀರಾವರಿ, ಲೆಕ್ಕಪತ್ರ, ಅಧಿಕಾರಿಗಳ ಕಳವು ಇವುಗಳನ್ನೆಲ್ಲ ಪರಿಶೀಲಿಸುವ ಆ ಮಹಾಗ್ರಂಥವು ಶತಮಾನಗಳ ಹಳತು. ಆದರೂ ಲೋಕದ ವಿದ್ವಾಂಸರಿಗೆ ಅದು ಆ ವರ್ಷದ ಹೊಸ ಪುಸ್ತಕವಾಯಿತು. ಗರಿಗಳು ಅವೇ ಆಗಿದ್ದುವು. ಬಿಚ್ಚಿ ಓದಿದ ಕಣ್ಣು ಮಾತ್ರ ಹೊಸದು. ನಿನ್ನೆ ಅಚ್ಚಾಗಿ ಬಂದ ಪುಸ್ತಕವೂ ಬಿಚ್ಚುವವರಿಲ್ಲದಿದ್ದರೆ ಕಟ್ಟಿದ ಓಲೆಗರಿಗೆ ಸಮಾನವೇ ಸರಿ.

ಓದುಗರ ಕಡೆಯ ನ್ಯಾಯವೂ ಒಂದುಂಟು. ನೀತಿಯ ಗ್ರಂಥಗಳಲ್ಲಿ ಬಹಳಷ್ಟು ಇಂಗ್ಲಿಷಿನಲ್ಲಿವೆ. ಕನ್ನಡಕ್ಕೆ ಬಂದವುಗಳಲ್ಲಿಯೂ ಕೆಲವು ಸರ್ಕಾರಿ ಸುತ್ತೋಲೆಯ ಕಗ್ಗನ್ನಡದಲ್ಲಿವೆ. ನಾಲೆಯ ಕೊನೆಯ ರೈತನಿಗಾಗಲಿ, ಗಿರಣಿಯವರ ಮೊಮ್ಮಗಳಿಗಾಗಲಿ ಅವು ಎಟುಕುವುದಿಲ್ಲ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕೆಂದು ರಂಗನಾಥನ್ ಅವರು 1931ರಲ್ಲಿ ವಿಧಿಸಿದ ಸೂತ್ರವು ಭಾಷೆಗೂ ಅನ್ವಯಿಸುವುದು. ಬೇಕಾದುದನ್ನು ಕೇಳದವರಿಗೆ ಯಾರೂ ತರಿಸಿಕೊಡುವುದಿಲ್ಲ. ಆದುದರಿಂದ ಮನೆಯ ಹಿರಿಯರು ವೃತ್ತಪತ್ರಿಕೆಯನ್ನು ಮಡಿಸಿಟ್ಟ ಮೇಲೆ ಹೊಸ ಪುಸ್ತಕಗಳ ಕಪಾಟಿನ ಎದುರು ಒಂದು ಗಳಿಗೆ ನಿಲ್ಲಲಿ; ಹೆಣ್ಣುಮಕ್ಕಳು ತಮ್ಮ ಊರಿನ ನೀರು, ಕೆಲಸ, ಬೀದಿಗಳನ್ನು ಕುರಿತ ಗ್ರಂಥಗಳನ್ನು ಕೇಳಲಿ; ಕನ್ನಡದಲ್ಲಿ ಇಲ್ಲವಾದರೆ ಇಲ್ಲವೆಂಬುದನ್ನು ಬರೆದು ಗ್ರಂಥಪಾಲಕರ ಕೈಗೆ ಕೊಡಲಿ. ಹಣವು ಆಗಲೇ ಸಂದಿದೆ. ಕೊಂಡ ಸರಕನ್ನು ಅಂಗಡಿಯಲ್ಲಿಯೇ ಬಿಟ್ಟುಬರುವ ಗೃಹಸ್ಥರು ಈ ಎರಡು ವ್ಯಾಪಾರದ ಊರುಗಳಲ್ಲಿ ಇಲ್ಲವೆಂದೇ ನಂಬಬಹುದು.